ಅಟ್ಟಕ್ಕೆ ಹಾಕಿದ ಕುಕ್ಕರ್

ಪ್ರಶ್ನೆ: ಡಾಕ್ಟ್ರಿಗೆ ನಮಸ್ಕಾರ. ನಮ್ಮದು ಬಂಗಾರಪೇಟೆ ತಾಲ್ಲೂಕು, ಕಾಮಸಮುದ್ರದ ಕಡೆ ಒಂದು ಹಳ್ಳಿ. ನಮ್ಮ ಯಜಮಾನರು 20 ವರ್ಷ ಮಿಲಿಟರಿಯಲ್ಲಿದ್ದು, ಹವಾಲ್ದಾರ್ ಆಗಿ ರಿಟೈರ್ ಆಗಿ ಊರಿಗೆ ಬಂದು ಎರಡು ವರ್ಷವಾಯಿತು. ಸರ್ವೀಸಿನಲ್ಲಿದ್ದಾಗ ರಜೆಗೆ ಬಂದರೆ ನಗ್ತಾ ಇದ್ದೋರು ಈಗ ಬೇರೆಯೇ ಆಗಿಬಿಟ್ಟಿದ್ದಾರೆ. ರಾತ್ರಿ ಬಾಗಿಲಿಗೆ ಎದುರಾಗಿ ಕುರ್ಚಿ ಹಾಕ್ಕೊಂಡು ಕೂತಿರ್ತಾರೆ. ಚಿಲಕ ಹಾಕಿದೆಯಾ ಅಂತ ನಾಲ್ಕೈದು ಸಲ ನೋಡ್ತಾರೆ. ನಮ್ಮ ಕಡೆ ಆನೆ ಕಾಟ. ತೋಟಕ್ಕೆ ಬಂದ ಆನೆ ಓಡಿಸೋಕೆ ಹುಡುಗರು ಪಟಾಕಿ ಹೊಡೆದರೆ ಇವರು ಮಂಚದ ಕೆಳಗೆ ಸೇರ್ಕೋತಾರೆ, ಆಮೇಲೆ ಬೆಳಗಿನ ತನಕ ನಡುಗ್ತಾರೆ. ನಿದ್ದೆಯಲ್ಲಿ ಹಿಂದಿಯಲ್ಲಿ ಕೂಗ್ತಾರೆ. ಒಂದು ದಿನ 11 ವರ್ಷದ ಮಗ ಎಬ್ಬಿಸೋಕೆ ಹೋಗಿ ಮೈ ಮುಟ್ಟಿದ್ದಕ್ಕೆ ಅವನ ಕತ್ತು ಹಿಡಿದುಬಿಟ್ಟರು. ಎಚ್ಚರ ಆದ ಮೇಲೆ ಅವರೇ ಅತ್ತರು. ಆವತ್ತಿಂದ ಮಗ ನನ್ನ ಜೊತೆ ಮಲಗ್ತಾನೆ. ಸದ್ದು ಆಗಬಾರದು ಅಂತ ಟಿವಿ ಹಾಕಲ್ಲ, ಕುಕ್ಕರ್ ಅಟ್ಟಕ್ಕೆ ಹಾಕಿದ್ದೀನಿ, ನೆಂಟರನ್ನೂ ಕರೆಯಲ್ಲ. ಬೆಂಗಳೂರಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ಸೇರಿದ್ದರು, ಎರಡೇ ತಿಂಗಳಿಗೆ ಬಿಟ್ಟರು. ಕ್ಯಾಂಟೀನ್ ಕೋಟಾದ ರಮ್ ಸಾಲದೆ ಹೊರಗೂ ಕುಡೀತಾರೆ. ಕಾಶ್ಮೀರದಲ್ಲಿ ಇವರ ಗಾಡಿಗೆ ಬ್ಲಾಸ್ಟ್ ಆಗಿ ಪಕ್ಕದಲ್ಲಿದ್ದವರು ತೀರಿಕೊಂಡರು ಅಂತ ಮಾತ್ರ ಗೊತ್ತು. ಅವತ್ತು ಇಬ್ಬರೂ ಸೀಟು ಬದಲಾಯಿಸಿಕೊಂಡಿದ್ದರಂತೆ. ನಮ್ಮ ಮೈದುನ ಒಬ್ಬ ಮಂತ್ರವಾದಿ ಹತ್ರ ಕರ್ಕೊಂಡು ಹೋದ. ಹಿಂದಿ ಮಾತಾಡೋದರಿಂದ ಇದು ಉತ್ತರದ ದೆವ್ವ ಅಂದರು, ತಾಯಿತ ಕಟ್ಟಿದರು. ಆಸ್ಪತ್ರೆಗೆ ಹೋಗೋಣ ಅಂದರೆ ‘ನನಗೇನಾಗಿದೆ, ನೀನೇ ಹೋಗಿ ತೋರಿಸ್ಕೋ’ ಅಂತಾರೆ. ಇದು ಹುಚ್ಚಾ ಡಾಕ್ಟ್ರೇ? ವಾಸಿ ಆಗುತ್ತಾ? ಮಾನಸಿಕ ಆಸ್ಪತ್ರೆಗೆ ಹೋದರೆ ಪೆನ್ಷನ್ ನಿಲ್ಲಿಸ್ತಾರಾ?

ಉತ್ತರ: ಅಮ್ಮಾ, ಮೊದಲು ಆ ಉತ್ತರದ ದೆವ್ವದ ವಿಷಯ ಮುಗಿಸೋಣ. ನಿಮ್ಮ ಯಜಮಾನರು 20 ವರ್ಷ ಹಗಲು ರಾತ್ರಿ ಹಿಂದಿಯಲ್ಲೇ ಆರ್ಡರ್ ಕೇಳಿದ್ದಾರೆ, ಹಿಂದಿಯಲ್ಲೇ ಕೂಗಿ ಜೊತೆಗಾರರನ್ನು ಎಚ್ಚರಿಸಿದ್ದಾರೆ. ಕನಸಿನಲ್ಲಿ ಆ ಜಾಗಕ್ಕೆ ಹೋದವರು ಆ ಜಾಗದ ಭಾಷೆಯನ್ನೇ ಆಡುತ್ತಾರೆ. ತಾಯಿತ ಬಿಚ್ಚಿಸಿ ಎಂದು ನಾನು ಹೇಳುವುದಿಲ್ಲ. ಕಟ್ಟಿಕೊಂಡೇ ಆಸ್ಪತ್ರೆಗೆ ಬರಲಿ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಹರಕೆ ಹೊತ್ತವರೂ ಚೇಳು ಕಚ್ಚಿದಾಗ ಇಂಜೆಕ್ಷನ್‌ಗೆ ಬರುತ್ತಾರೆ. ಅಮ್ಮನವರು ಅದಕ್ಕೆ ಬೇಸರ ಮಾಡಿಕೊಂಡಿದ್ದನ್ನು ನಾನು ಕಂಡಿಲ್ಲ.

ಇದು ಹುಚ್ಚಲ್ಲ. ನೀವು ಬರೆದಿರುವುದನ್ನು ನೋಡಿದರೆ ಇದು ಆಘಾತದ ನಂತರ ಬರುವ ಒತ್ತಡದ ಕಾಯಿಲೆ ಇದ್ದಂತಿದೆ. ವೈದ್ಯರು ಪಿಟಿಎಸ್‌ಡಿ ಎನ್ನುತ್ತಾರೆ. ಕಾಗದ ಓದಿ ಕಾಯಿಲೆ ಗೊತ್ತುಮಾಡಲು ಆಗುವುದಿಲ್ಲ, ಎದುರಿಗೆ ಕೂರಿಸಿಕೊಂಡೇ ಮಾತಾಡಬೇಕು. ಆದರೆ ನಾವು ಹುಡುಕುವ ನಾಲ್ಕು ಸಂಗತಿಗಳೂ ನಿಮ್ಮ ಕಾಗದದಲ್ಲಿವೆ: ಆದ ಘಟನೆ ಬೇಡವೆಂದರೂ ಕನಸಾಗಿ, ನಡುಕವಾಗಿ ಮರಳಿ ಬರುವುದು, ಅದನ್ನು ನೆನಪಿಸುವ ಸದ್ದು, ಜನ, ಮಾತನ್ನೆಲ್ಲ ದೂರ ಇಡುವುದು, ನಗು ಹೋಗಿ, ತಾನೇ ತಪ್ಪಿತಸ್ಥ ಎಂಬ ಭಾವ ಒಳಗೆ ಕೂರುವುದು, ಮೈ ಸದಾ ಕಾವಲಿನಲ್ಲಿರುವುದು. ಇವು ಒಂದು ತಿಂಗಳು ದಾಟಿ ಉಳಿದು ಮನೆ, ಕೆಲಸ ಎರಡನ್ನೂ ಕೆಡಿಸುತ್ತಿದ್ದರೆ ಕಾಯಿಲೆ ಎಂದು ಕರೆಯುತ್ತೇವೆ. 1915ರಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ, ಇದಕ್ಕೆ ಶೆಲ್ ಶಾಕ್ ಎಂಬ ಹೆಸರು ಬಳಕೆಗೆ ಬಂತು. ಆಗ ಎಷ್ಟೋ ಸೈನಿಕರನ್ನು ಹೇಡಿಗಳೆಂದೇ ಕಂಡರು. ವಿಯೆಟ್ನಾಂ ಯುದ್ಧ ಮುಗಿದು 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಇಂದಿನ ಹೆಸರು ಸೇರಿತು. ನಮ್ಮ ಸೀಮೆಯ ಕೆರೆ ಏರಿಗಳ ಮೇಲೆ ವೀರಗಲ್ಲುಗಳಿವೆ, ನೋಡಿರುತ್ತೀರಿ. ಅವೆಲ್ಲ ಹೋರಾಡಿ ಸತ್ತವರಿಗೆ. ಹೋರಾಡಿ ಬದುಕಿ ಬಂದವನ ರಾತ್ರಿಗಳು ಹೇಗಿದ್ದವು ಎಂದು ಯಾವ ಕಲ್ಲಿನ ಮೇಲೂ ನಾನು ಓದಿಲ್ಲ.

ಸರ್ವೀಸಿನಲ್ಲಿದ್ದಾಗ ಚೆನ್ನಾಗಿದ್ದವರು ಮನೆಗೆ ಬಂದ ಮೇಲೆ ಯಾಕೆ ಹೀಗಾದರು ಎಂದು ನೀವು ನೇರವಾಗಿ ಕೇಳಿಲ್ಲ, ಆದರೆ ಕಾಗದದ ತುಂಬ ಅದೇ ಪ್ರಶ್ನೆ ಇದೆ. ಘಟನೆಯಾಗಿ ಆರು ತಿಂಗಳು, ಕೆಲವೊಮ್ಮೆ ವರ್ಷಗಳೇ ಕಳೆದ ಮೇಲೆ ಕಾಯಿಲೆ ಪೂರ್ತಿಯಾಗಿ ಕಾಣಿಸಿಕೊಳ್ಳುವುದುಂಟು. ಪಲ್ಟನ್‌ನಲ್ಲಿ ರಾತ್ರಿ ಎಚ್ಚರವಿರುವುದೇ ಕೆಲಸ. ಸದ್ದಾದರೆ ನೆಲಕ್ಕೆ ಬೀಳುವವನೇ ಒಳ್ಳೆಯ ಸಿಪಾಯಿ. ಸುತ್ತ ಇರುವವರೆಲ್ಲ ಹಾಗೇ ಇರುತ್ತಾರೆ, ಬೆಳಿಗ್ಗೆ ಪೀಟಿ, ಸಂಜೆ ರೋಲ್‌ಕಾಲ್. ಅಲ್ಲಿ ಈ ಗುಣ ಕಾಯಿಲೆಯ ಹಾಗೆ ಕಾಣುವುದೇ ಇಲ್ಲ. ರಿಟೈರ್ ಆದ ದಿನ ಕೆಲಸ, ಜೊತೆಗಾರರು, ದಿನಚರಿ, ಮರ್ಯಾದೆ ಎಲ್ಲ ಒಟ್ಟಿಗೆ ಕಳಚಿ ಹೋಗುತ್ತವೆ. ಮೈಯ ಎಚ್ಚರ ಒಂದು ಮಾತ್ರ ಜೊತೆಯಲ್ಲಿ ಊರಿಗೆ ಬರುತ್ತದೆ.

ನಾನು ಬೆಳೆದದ್ದು ಕೆಜಿಎಫ್ ಪಕ್ಕದಲ್ಲಿ. ಚಿನ್ನದ ಗಣಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು. ಅಷ್ಟು ಕೆಳಗೆ ಬಂಡೆ ತನ್ನ ಭಾರಕ್ಕೆ ತಾನೇ ಸಿಡಿಯುತ್ತಿತ್ತು, ರಾಕ್ ಬರ್ಸ್ಟ್ ಎನ್ನುತ್ತಿದ್ದರು. ದೊಡ್ಡದಾದರೆ ಮೇಲೆ ಮನೆಗಳಲ್ಲಿ ಪಾತ್ರೆ ಅಲುಗುತ್ತಿದ್ದವು. ನಮ್ಮಜ್ಜಿ ಪಾತ್ರೆ ಅಲುಗಿದ ಕೂಡಲೇ ಸೆರಗು ಬಿಗಿದು ಶಾಫ್ಟ್ ಕಡೆ ಓಡುತ್ತಿದ್ದಳು, ಯಾಕೆಂದರೆ ತಾತ ಕೆಳಗಿರುತ್ತಿದ್ದರು. ತಾತ ಗಣಿ ಬಿಟ್ಟು ಮನೆಯಲ್ಲಿ ಕೂತ ಮೇಲೂ, ಅವರು ತೀರಿಕೊಂಡ ಮೇಲೂ, 2001ರಲ್ಲಿ ಗಣಿಗೆ ಬೀಗ ಬಿದ್ದ ಮೇಲೂ ಅಜ್ಜಿ ಹಾಗೇ. ರಸ್ತೆಯಲ್ಲಿ ಲಾರಿ ಟೈರ್ ಸಿಡಿದರೆ ಎದ್ದು ನಿಂತುಬಿಡುತ್ತಿದ್ದಳು. ಆಮೇಲೆ ತನ್ನನ್ನು ತಾನೇ ಬೈದುಕೊಂಡು ಕೂರುತ್ತಿದ್ದಳು. ಗಣಿ ಮುಚ್ಚಿದ್ದು ಅವಳ ಬುದ್ಧಿಗೆ ಗೊತ್ತಿತ್ತು, ಕಾಲಿಗೆ ಗೊತ್ತಿರಲಿಲ್ಲ. ನಿಮ್ಮ ಯಜಮಾನರಿಗೂ ಇದು ಬಂಗಾರಪೇಟೆ ಎಂದು ಚೆನ್ನಾಗಿ ಗೊತ್ತು. ಮಿದುಳಿನಲ್ಲಿ ಅಪಾಯ ಪತ್ತೆಮಾಡುವ ಭಾಗ ಯೋಚಿಸುವ ಭಾಗಕ್ಕಿಂತ ಮುಂಚೆ ಓಡುತ್ತದೆ. ಪಟಾಕಿ ಸದ್ದು ಕೇಳಿದ ಅರೆಕ್ಷಣದಲ್ಲಿ, ಅಪಾಯಕ್ಕೆ ಮೈಯನ್ನು ಸಜ್ಜುಮಾಡುವ ಅಡ್ರಿನಲಿನ್ ಎಂಬ ರಾಸಾಯನಿಕ ಹರಿದು, ಎದೆ ಹೊಡೆದುಕೊಂಡು, ಮೈ ಮಂಚದ ಕೆಳಗೆ ಸೇರಿರುತ್ತದೆ. ‘ಅಯ್ಯೋ, ಇದು ಆನೆಗೆ ಹೊಡೆದದ್ದು’ ಎಂಬ ಅರಿವು ಆಮೇಲೆ ಬರುತ್ತದೆ, ಜೊತೆಗೆ ನಾಚಿಕೆಯೂ ಬರುತ್ತದೆ. ಈ ನಾಚಿಕೆಯೇ ಅವರ ಬಾಯಿಂದ ‘ನನಗೇನಾಗಿದೆ’ ಎಂದು ಹೇಳಿಸುತ್ತಿದೆ.

ಈಗ ಒಂದು ಮಾತು. ನಿಮಗೆ ಬೇಸರವಾಗಬಹುದು. ಅಟ್ಟಕ್ಕೆ ಹಾಕಿದ ಕುಕ್ಕರ್, ಹಾಕದ ಟಿವಿ, ಬರದ ನೆಂಟರು, ಇದೆಲ್ಲ ನೀವು ಪ್ರೀತಿಯಿಂದ ಮಾಡಿದ್ದು. ಆದರೆ ಆ ಕಾಯಿಲೆ ಇಷ್ಟು ಕೊಬ್ಬಿರುವುದು ಇದನ್ನೇ ತಿಂದು. ಸದ್ದನ್ನು ತಪ್ಪಿಸಿದಾಗ ಆ ಗಳಿಗೆಗೆ ಎದೆ ತಣ್ಣಗಾಗುತ್ತದೆ ನಿಜ. ಜೊತೆಗೆ ಮಿದುಳು ಒಂದು ಲೆಕ್ಕ ಬರೆದಿಟ್ಟುಕೊಳ್ಳುತ್ತದೆ: ‘ಕುಕ್ಕರ್ ಇಲ್ಲದ್ದರಿಂದ ಬಚಾವಾದೆ.’ ನಾಳೆ ಬಾಗಿಲು ಬಡಿದ ಸದ್ದೂ ಆ ಪಟ್ಟಿಗೆ ಸೇರುತ್ತದೆ, ನಾಡಿದ್ದು ಮಕ್ಕಳ ಗಲಾಟೆ. ಮನೆ ಸಣ್ಣದಾಗುತ್ತಾ ಹೋಗಿ ಕೊನೆಗೆ ಬಾಗಿಲಿಗೆ ಎದುರಾದ ಒಂದು ಕುರ್ಚಿ ಉಳಿಯುತ್ತದೆ. ನನ್ನ ಹತ್ತಿರ ಬರುವ ಮನೆಗಳಲ್ಲಿ ಇದನ್ನೇ ಹೆಚ್ಚು ನೋಡುತ್ತೇನೆ. ರೋಗಿಗಿಂತ ಮನೆಯವರು ಹೆಚ್ಚು ಸದ್ದಿಲ್ಲದೆ ನಡೆಯುತ್ತಿರುತ್ತಾರೆ. ಚಿಕಿತ್ಸೆಯ ಮುಖ್ಯ ಕೆಲಸ ಇದನ್ನು ತಿರುಗಿಸುವುದು, ಅದೂ ನಿಧಾನವಾಗಿ, ಅವರ ಒಪ್ಪಿಗೆಯಿಂದ. ಅದಕ್ಕೆ ಆಮೇಲೆ ಬರುತ್ತೇನೆ.

ಅದಕ್ಕೂ ಮುಂಚೆ ಇವತ್ತೇ ಮಾಡಬೇಕಾದ ಕೆಲಸವಿದೆ. ಟೊಮೆಟೊ ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಅದನ್ನು ಬೇರೆಯವರ ಮನೆಯಲ್ಲಿ ಬೀಗ ಹಾಕಿಡಿಸಿ. ಸೆಕ್ಯೂರಿಟಿ ಕೆಲಸಕ್ಕೆಂದು ಲೈಸೆನ್ಸ್ ಬಂದೂಕು ತೆಗೆದುಕೊಂಡಿದ್ದರೆ, ಪೊಲೀಸ್ ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕು ಅಂಗಡಿಯಲ್ಲೋ ಅದನ್ನು ಕಾನೂನು ಪ್ರಕಾರ ಜಮಾ ಮಾಡಲು ಅವಕಾಶವಿದೆ. ‘ನಿದ್ದೆ ಸರಿಹೋಗುವ ತನಕ’ ಎಂದು ಅವರ ಹತ್ತಿರವೇ ಮಾತಾಡಿ ಜಮಾ ಮಾಡಿಸಿ. ನಿದ್ದೆಗೇಡು, ಕುಡಿತ, ಅಪರಾಧಿ ಭಾವ ಮೂರೂ ಸೇರಿದ ಮನುಷ್ಯನಿಗೆ ಕೆಟ್ಟ ಗಳಿಗೆ ಬಂದರೆ, ಕೈಗೆ ಏನು ಸಿಗುತ್ತದೆ ಎಂಬುದರ ಮೇಲೆ ಜೀವ ನಿಂತಿರುತ್ತದೆ. ‘ಸಾಯಬೇಕು ಅನ್ನಿಸುತ್ತಾ?’ ಎಂದು ನೇರವಾಗಿ ಕೇಳಿ. ಕೇಳಿದರೆ ತಲೆಗೆ ಹಾಕಿದಂತಾಗುತ್ತದೆ ಎಂದು ಎಲ್ಲರೂ ಹೆದರುತ್ತಾರೆ, ಹಾಗಾಗುವುದಿಲ್ಲ. ಎಷ್ಟೋ ಗಂಡಸರು ಯಾರಾದರೂ ಕೇಳಲಿ ಎಂದೇ ಕಾಯುತ್ತಿರುತ್ತಾರೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ಕರೆದುಕೊಂಡು ಬನ್ನಿ. ಗಾಡಿ ಸಿಗದಿದ್ದರೆ 108ಕ್ಕೆ ಫೋನ್ ಮಾಡಿ. ನಡುರಾತ್ರಿ ಮಾತಾಡಲು ಯಾರೂ ಇಲ್ಲದಿದ್ದರೆ 14416, ಟೆಲಿ ಮಾನಸ್. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಇದು. ದುಡ್ಡಿಲ್ಲ, ದಿನವಿಡೀ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಅವರೇ ಮಾತಾಡಬೇಕೆಂದೇನಿಲ್ಲ, ನೀವೂ ಮಾಡಬಹುದು.

ಮಗನ ಕತ್ತು ಹಿಡಿದ ವಿಷಯ. ನಿದ್ದೆಯಲ್ಲಿರುವ ಇವರನ್ನು ಯಾರೂ ಮುಟ್ಟಿ ಎಬ್ಬಿಸಬಾರದು. ಬಾಗಿಲ ಹತ್ತಿರ, ಕಾಲಿನ ಕಡೆ ನಿಂತು, ಲೈಟ್ ಹಾಕಿ, ಹೆಸರು ಹಿಡಿದು ಕರೆಯಿರಿ. ಗಂಡನ ಹೆಸರು ಹೇಗೆ ಕರೆಯೋದು ಎನ್ನಬೇಡಿ, ಈ ಹೊತ್ತಿಗೆ ಬೇಕಾದದ್ದೇ ಅದು. ಇಲ್ಲವಾದರೆ ಅವರಮ್ಮ ಕರೆಯುತ್ತಿದ್ದ ಹೆಸರು ಹಿಡಿಯಿರಿ. ನಂತರ ನಿಧಾನವಾಗಿ: ‘ಇದು ನಮ್ಮನೆ. ನಾನಿದ್ದೀನಿ. ಹೊರಗೆ ಆನೆಗೆ ಪಟಾಕಿ ಹೊಡೆದರು.’ ಕನ್ನಡದಲ್ಲೇ ಹೇಳಿ, ಅಥವಾ ಮನೆಯಲ್ಲಿ ತೆಲುಗಾದರೆ ತೆಲುಗಿನಲ್ಲಿ. ಹಿಂದಿಯಲ್ಲಿ ಕೂಗುತ್ತಿದ್ದಾರೆಂದು ಹಿಂದಿಯಲ್ಲಿ ಉತ್ತರ ಕೊಟ್ಟರೆ ಅವರು ಇನ್ನೂ ಅಲ್ಲೇ ಉಳಿಯುತ್ತಾರೆ. ಮನೆಮಾತು ಕಿವಿಗೆ ಬಿದ್ದರೆ ಬೇಗ ಊರಿಗೆ ಬರುತ್ತಾರೆ. ಇದು ಪುಸ್ತಕದಲ್ಲಿ ಓದಿದ್ದಲ್ಲ, ಸೈನಿಕರ ಹೆಂಡತಿಯರೇ ನನಗೆ ಕಲಿಸಿದ್ದು. ಎಚ್ಚರವಾದ ಮೇಲೆ ಬರಿಗಾಲನ್ನು ನೆಲಕ್ಕೆ ಒತ್ತಿ ಕೂರಲಿ, ತಣ್ಣೀರಲ್ಲಿ ಮುಖ ತೊಳೆಯಲಿ. ಉಸಿರು ಒಳಗೆ ನಾಲ್ಕು ಎಣಿಕೆ, ಹೊರಗೆ ಏಳೆಂಟು ಎಣಿಕೆ. ಹೊರಗೆ ಬಿಡುವ ಉಸಿರು ಉದ್ದವಾದರೆ ಎದೆಬಡಿತ ಇಳಿಯುತ್ತದೆ. ಇದನ್ನು ಹಗಲು ಹೊತ್ತು, ಶಾಂತವಾಗಿದ್ದಾಗ ದಿನಾ ಹತ್ತು ನಿಮಿಷ ಮಾಡಿ ರೂಢಿಯಾಗಿದ್ದರೆ ಮಾತ್ರ ರಾತ್ರಿ ಕೈಗೆ ಬರುತ್ತದೆ.

ಮಗನಿಗೆ ಅಪ್ಪನೇ ಹೇಳಬೇಕು: ‘ನೀನೇನೂ ತಪ್ಪು ಮಾಡಲಿಲ್ಲ. ನಿದ್ದೆಯಲ್ಲಿ ನನಗೆ ನೀನು ಅಂತ ಗೊತ್ತಾಗಲಿಲ್ಲ. ಅದಕ್ಕೆ ಔಷಧಿ ತಗೋತೀನಿ.’ ಇಷ್ಟೇ ಸಾಕು. ಬ್ಲಾಸ್ಟ್ ಕಥೆ ಹುಡುಗನಿಗೆ ಬೇಡ. ಆ ವಯಸ್ಸಿನ ಮಕ್ಕಳು ಅಪ್ಪನ ಸಿಟ್ಟಿಗೆಲ್ಲ ತಾವೇ ಕಾರಣ ಎಂದುಕೊಳ್ಳುತ್ತಾರೆ. ಇನ್ನೊಂದು ವಿಷಯವನ್ನೂ ಬಿಚ್ಚಿ ಹೇಳುತ್ತೇನೆ. ನಿದ್ದೆಗಣ್ಣಿನಲ್ಲಿ ಕತ್ತು ಹಿಡಿದದ್ದು ಬೇರೆ, ಎಚ್ಚರದಲ್ಲಿ ಕುಡಿದು ನಿಮ್ಮ ಮೇಲೆ ಕೈ ಮಾಡುವುದು ಬೇರೆ. ಎರಡನೆಯದು ನಡೆಯುತ್ತಿದ್ದು ನೀವು ಕಾಗದದಲ್ಲಿ ಬರೆಯದೆ ಬಿಟ್ಟಿದ್ದರೆ, ಕಾಯಿಲೆ ಎಂದು ಸಹಿಸಿಕೊಂಡು ಕೂರಬೇಡಿ. ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿ, 112ಕ್ಕೋ ಮಹಿಳಾ ಸಹಾಯವಾಣಿ 181ಕ್ಕೋ ಫೋನ್ ಮಾಡಿ. ಚಿಕಿತ್ಸೆ ಆಮೇಲೂ ಮಾಡಬಹುದು.

ಪಟಾಕಿಯದಕ್ಕೆ ಊರಿನ ಹುಡುಗರ ಜೊತೆ ಒಂದು ಒಪ್ಪಂದ ಮಾಡಿಕೊಳ್ಳಿ. ಪಟಾಕಿ ಹೊಡೆಯಬೇಡಿ ಎನ್ನಲು ಆಗದು, ಬೆಳೆ ಉಳಿಯಬೇಕಲ್ಲ. ಹೊಡೆಯುವ ಎರಡು ನಿಮಿಷ ಮುಂಚೆ ಇವರ ಫೋನಿಗೆ ಒಂದು ಮಿಸ್ಡ್ ಕಾಲ್ ಕೊಡಲಿ. ಗೊತ್ತಿದ್ದು ಬರುವ ಸದ್ದಿಗೂ ಗೊತ್ತಿಲ್ಲದೆ ಬರುವ ಸದ್ದಿಗೂ ಮೈ ಬೇರೆ ಬೇರೆ ಥರ ನಡೆದುಕೊಳ್ಳುತ್ತದೆ. ದೀಪಾವಳಿಗೂ ಹೀಗೇ, ಮನೆಯ ಪಟಾಕಿಗೆ ಬೆಂಕಿ ಇಡುವವರು ಇವರೇ ಆಗಲಿ, ಅದೂ ಚಿಕಿತ್ಸೆ ಒಂದು ಹಂತಕ್ಕೆ ಬಂದ ಮೇಲೆ.

ರಮ್ ವಿಷಯಕ್ಕೆ ಬರೋಣ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ಅದಕ್ಕೇ ಕುಡಿಯುತ್ತಾರೆ. ಆದರೆ ಮದ್ಯ ಕನಸು ಕಾಣುವ ನಿದ್ದೆಯನ್ನು ಮೊದಲರ್ಧ ರಾತ್ರಿ ಅದುಮಿಡುತ್ತದೆ. ಅಮಲು ಇಳಿಯುವ ಬೆಳಗಿನ ಜಾವ ಎರಡು ಮೂರು ಗಂಟೆಗೆ ಅದುಮಿದ ಕನಸೆಲ್ಲ ಒಟ್ಟಿಗೆ ನುಗ್ಗುತ್ತದೆ. ಅವರು ಕೂಗಿ ಏಳುವ ಹೊತ್ತು ನೋಡಿ, ಬಹುಶಃ ಅದೇ ಇರುತ್ತದೆ. ಹಾಗೆಂದು ಇವತ್ತೇ ಬಾಟಲಿ ಒಡೆದು ಹಾಕಬೇಡಿ. ದಿನಾ ಹೆಚ್ಚು ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಮೊದಲ ದಿನ ಕೈ ನಡುಗುತ್ತದೆ, ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದೊಳಗೆ ಇಲ್ಲದ್ದು ಕಾಣುವುದು, ಬಡಬಡಿಸುವುದು ಶುರುವಾಗಿ ಜೀವಕ್ಕೇ ಅಪಾಯವಾಗಬಹುದು. ಊರಲ್ಲಿ ಇದನ್ನೇ ‘ಕುಡಿತ ಬಿಟ್ಟಿದ್ದಕ್ಕೆ ದೆವ್ವ ಬಂತು’ ಎನ್ನುತ್ತಾರೆ. ಬಿಡಿಸುವುದು ಆಸ್ಪತ್ರೆಯಲ್ಲಿ, ಥಯಾಮಿನ್ ಎಂಬ ಬಿ ವಿಟಮಿನ್ ಕೊಟ್ಟು, ನಡುಕಕ್ಕೆ ಕೆಲವು ದಿನ ಮಾತ್ರೆ ಕೊಟ್ಟು. ಮೊದಲು ಕುಡಿತ ಬಿಡಲಿ, ಆಮೇಲೆ ಮನಸ್ಸಿನ ಚಿಕಿತ್ಸೆ ಎಂದು ಕೆಲವರು ವಾಪಸ್ ಕಳಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ, ಎರಡನ್ನೂ ಒಟ್ಟಿಗೇ ನೋಡಬೇಕು.

ಚಿಕಿತ್ಸೆಯಲ್ಲಿ ಹೆಚ್ಚು ಭರವಸೆ ಇರುವುದು ಮಾತಿನ ಚಿಕಿತ್ಸೆಯ ಮೇಲೆ. ಬರಿಯ ಸಮಾಧಾನದ ಮಾತಲ್ಲ, ಆಘಾತದ ನೆನಪನ್ನೇ ಹಿಡಿದು ಕೆಲಸ ಮಾಡುವ ಚಿಕಿತ್ಸೆ. ವಾರಕ್ಕೊಂದರಂತೆ ಸುಮಾರು ಎಂಟರಿಂದ ಹದಿನಾರು ಸಲ ತರಬೇತಿ ಇರುವ ಮನಶ್ಶಾಸ್ತ್ರಜ್ಞರ ಎದುರು ಕೂರಬೇಕು. ಆ ದಿನ ನಡೆದದ್ದನ್ನು, ಹಿಡಿತ ತಪ್ಪದ ಹಾಗೆ, ಮತ್ತೆ ಮತ್ತೆ ಹೇಳಿಸುತ್ತಾರೆ. ಇಎಂಡಿಆರ್ ಎಂಬ ಇನ್ನೊಂದು ಪದ್ಧತಿಯಲ್ಲಿ ಆ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಣ್ಣನ್ನು ಅತ್ತಿತ್ತ ಚಲಿಸಲು ಹೇಳುತ್ತಾರೆ. ಕೆಟ್ಟ ಕನಸನ್ನು ಹಗಲಿನಲ್ಲಿ ಬರೆದು, ಅದರ ಕೊನೆಯನ್ನು ತಾನೇ ಬದಲಾಯಿಸಿ, ಮಲಗುವ ಮುಂಚೆ ಹೊಸ ಕೊನೆಯನ್ನು ಮನಸ್ಸಿನಲ್ಲಿ ನೋಡಿಕೊಳ್ಳುವ ಅಭ್ಯಾಸವೂ ಉಂಟು. ಶುರುವಿನ ಎರಡು ಮೂರು ವಾರ ಕನಸು ಜಾಸ್ತಿಯಾದಂತೆ ಕಾಣಬಹುದು. ಆಗಲೇ ಎಷ್ಟೋ ಜನ ಬಿಟ್ಟುಹೋಗುವ ಯೋಚನೆ ಮಾಡುತ್ತಾರೆ, ನೀವು ಅವರನ್ನು ಹಿಡಿದು ನಿಲ್ಲಿಸಬೇಕಾದ್ದು ಆ ವಾರಗಳಲ್ಲಿ.

ಮಾತ್ರೆಗಳಲ್ಲಿ ಸರ್ಟ್ರಲಿನ್ ಜಾತಿಯವನ್ನು ಮೊದಲು ಕೊಡುತ್ತೇವೆ. ಮೊದಲ ವಾರ ಹೊಟ್ಟೆ ತೊಳಸು, ಸ್ವಲ್ಪ ಚಡಪಡಿಕೆ ಇರಬಹುದು. ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ಗುಣ ಕಂಡ ಮೇಲೂ ತಿಂಗಳುಗಟ್ಟಲೆ, ಸಾಮಾನ್ಯವಾಗಿ ಒಂದು ವರ್ಷದ ಹತ್ತಿರ, ಮುಂದುವರಿಸಿ ನಿಧಾನವಾಗಿ ಇಳಿಸಬೇಕು. ಮೆಡಿಕಲ್ ಶಾಪಿನಲ್ಲಿ ಗೊತ್ತಿರುವವರು ಎಂದು ಚೀಟಿಯಿಲ್ಲದೆ ಕೊಡುವ ಆಲ್‌ಪ್ರಜೋಲಮ್‌ನಂಥ ನಿದ್ದೆ ಮಾತ್ರೆ ಬೇಡವೇ ಬೇಡ. ಈ ಕಾಯಿಲೆಗೆ ಅದು ಉಪಯೋಗವಿಲ್ಲ, ಅಂಟಿಕೊಳ್ಳುತ್ತದೆ, ರಮ್ ಜೊತೆ ಸೇರಿದರೆ ಉಸಿರನ್ನೇ ನಿಲ್ಲಿಸಬಹುದು.

ಚೇಳಮ್ಮನ ಮಾತು ಬಂದದ್ದರಿಂದ ಒಂದು ಸಂಗತಿ ಹೇಳಿಬಿಡುತ್ತೇನೆ. ಚೇಳು ಕಚ್ಚಿದಾಗ ವಿಷ ಮೈಯಲ್ಲಿ ಅಡ್ರಿನಲಿನ್ ಥರದ ರಾಸಾಯನಿಕಗಳನ್ನು ಒಮ್ಮೆಗೇ ಹರಿಸಿ ಹೃದಯವನ್ನು ಕೆಡಿಸುತ್ತದೆ. ಅದಕ್ಕೆ ಪ್ರಜೋಸಿನ್ ಎಂಬ ಬಿಪಿ ಮಾತ್ರೆ ಕೊಟ್ಟು ಜೀವ ಉಳಿಸಬಹುದೆಂದು ತೋರಿಸಿಕೊಟ್ಟವರು ಮಹಾರಾಷ್ಟ್ರದ ಮಹಾಡ್ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್. ಅದೇ ಪ್ರಜೋಸಿನ್ ಅನ್ನು ಸೈನಿಕರ ದುಃಸ್ವಪ್ನಕ್ಕೂ ರಾತ್ರಿ ಹೊತ್ತು ಕೊಡುತ್ತಾರೆ, ಯಾಕೆಂದರೆ ಅಲ್ಲೂ ಮೈಯೊಳಗೆ ನಡೆಯುವುದು ಅದೇ ಪ್ರವಾಹ. ಎಲ್ಲರಿಗೂ ಹಿಡಿಸುವುದಿಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ಮಾಜಿ ಸೈನಿಕರ ದೊಡ್ಡ ಅಧ್ಯಯನದಲ್ಲಿ ಹುಸಿಮಾತ್ರೆಗಿಂತ ಹೆಚ್ಚು ಗುಣ ಕಾಣಲಿಲ್ಲ. ಹೀಗಿದ್ದರೂ ಕೆಲವರಲ್ಲಿ ಕನಸು ನಿಂತದ್ದನ್ನು ನಾನು ನೋಡಿದ್ದೇನೆ. ಮೊದಲ ಮಾತ್ರೆಗೆ ಬಿಪಿ ಇಳಿದು ಎದ್ದಾಗ ತಲೆ ತಿರುಗಬಹುದು, ಹಾಗಾಗಿ ವೈದ್ಯರು ಸಣ್ಣ ಪ್ರಮಾಣದಿಂದ ಶುರುಮಾಡುತ್ತಾರೆ.

ಗಾಡಿಗೆ ಬ್ಲಾಸ್ಟ್ ಆಗಿತ್ತು ಎಂದಿದ್ದೀರಿ. ಇದನ್ನು ವೈದ್ಯರಿಗೆ ಮರೆಯದೆ ಹೇಳಿ. ಸ್ಫೋಟದ ಅಲೆಗೆ ತಲೆಯೊಳಗೆ ಪೆಟ್ಟಾಗಿದ್ದರೂ ಸಿಡುಕು, ಮರೆವು, ತಲೆನೋವು, ಕಿವಿಯಲ್ಲಿ ಗುಂಯ್ ಎನ್ನುವುದು ಇರುತ್ತದೆ. ಅದನ್ನೂ ಬೇರೆಯಾಗಿ ನೋಡಬೇಕು, ಕಿವಿಯನ್ನೂ ಪರೀಕ್ಷಿಸಬೇಕು.

ಇನ್ನು ಬರದವರನ್ನು ಕರೆತರುವುದು ಹೇಗೆ? ‘ಮಾನಸಿಕ’ ಎಂಬ ಪದದಿಂದ ಶುರುಮಾಡಬೇಡಿ. ನಿದ್ದೆಯಿಂದ ಶುರುಮಾಡಿ. ನಿದ್ದೆ ಇಲ್ಲ, ತಲೆನೋವು, ಬಿಪಿ ಎಂದರೆ ಯಾವ ಗಂಡಸೂ ಅವಮಾನ ಎಂದುಕೊಳ್ಳುವುದಿಲ್ಲ. ಹೆಂಡತಿ ಹತ್ತು ಸಲ ಹೇಳುವುದಕ್ಕಿಂತ ಹಳೆಯ ಸುಬೇದಾರ್ ಸಾಹೇಬರು ಒಂದು ಫೋನ್ ಮಾಡಿ ‘ನಾನೂ ತೋರಿಸಿಕೊಂಡೆ ಕಣಯ್ಯಾ, ಹೋಗು’ ಎಂದರೆ ಹೊರಡುತ್ತಾರೆ. ಮಾಜಿ ಸೈನಿಕರ ಸಂಘದಲ್ಲಿ ಅಂಥ ಹಿರಿಯರೊಬ್ಬರನ್ನು ಹುಡುಕಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯ, ಅಂದರೆ ಇಸಿಎಚ್‌ಎಸ್ ಕಾರ್ಡ್ ಇದ್ದರೆ ಅದನ್ನು ಜೋಡಿಸಿರುವ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರಿಗೆ ರೆಫರ್ ಮಾಡಿಸಿಕೊಳ್ಳಬಹುದು. 2003ರಿಂದ ನಡೆಯುತ್ತಿರುವ ಈ ಯೋಜನೆಯಲ್ಲಿ ಮನಸ್ಸಿನ ಕಾಯಿಲೆಗೂ ಚಿಕಿತ್ಸೆಯಿದೆ. ಅಷ್ಟು ದೂರ ಬೇಡವೆಂದರೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ‘ಮನೋಚೈತನ್ಯ’ ಕ್ಲಿನಿಕ್ ಎಂದು ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಬಂಗಾರಪೇಟೆಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಆಘಾತದ ಮಾತಿನ ಚಿಕಿತ್ಸೆಗೆ ಬೆಂಗಳೂರಿನ ನಿಮ್ಹಾನ್ಸ್‌ಗೂ ಹೋಗಬಹುದು. ನಿಮಗೆ ಬಂಗಾರಪೇಟೆಯಲ್ಲಿ ರೈಲು ಹತ್ತಿದರಾಯಿತು. ಬೆಳಗಿನ ರೈಲಿಗೇ ಹೊರಡಿ, ಹೊರರೋಗಿ ವಿಭಾಗದಲ್ಲಿ ಜನ ಜಾಸ್ತಿ. ಜನರಲ್ ಬೋಗಿಯ ನೂಕುನುಗ್ಗಲು ಇವರಿಗೆ ಆಗದು, ಬಾಗಿಲಿನ ಕಡೆ, ಬೆನ್ನಿಗೆ ಗೋಡೆ ಇರುವ ಸೀಟು ಹಿಡಿಯಿರಿ.

ಪೆನ್ಷನ್ ಹೋಗುವುದಿಲ್ಲ. ಸರ್ವೀಸ್ ಪೆನ್ಷನ್ ದುಡಿದು ಗಳಿಸಿದ್ದು, ಮನೋವೈದ್ಯರ ಹತ್ತಿರ ಹೋದರೆಂದು ಯಾರೂ ನಿಲ್ಲಿಸುವಂತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗೋಪ್ಯವಾಗಿಡುವುದು ರೋಗಿಯ ಹಕ್ಕು. ನಿಜ ಹೇಳಬೇಕೆಂದರೆ ವಿಷಯ ಇದಕ್ಕೆ ಉಲ್ಟಾ: ಕಾಯಿಲೆ ಸೇವೆಯಿಂದ ಬಂತು ಅಥವಾ ಸೇವೆಯಿಂದ ಹೆಚ್ಚಾಯಿತು ಎಂದು ಒಪ್ಪಿದರೆ ಅಂಗವೈಕಲ್ಯ ಪೆನ್ಷನ್ ಬೇರೆಯಾಗಿ ಸಿಗಬಹುದು, ಬಿಡುಗಡೆಯಾದ ನಂತರ ಕಾಣಿಸಿಕೊಂಡ ಕಾಯಿಲೆಗೂ ಅರ್ಜಿ ಹಾಕಲು ದಾರಿಯಿದೆ. ಧರಮ್‌ವೀರ್ ಸಿಂಗ್ ಎಂಬ ಸೈನಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ, ಭರ್ತಿಯಾಗುವಾಗ ದಾಖಲೆಯಲ್ಲಿ ಇಲ್ಲದ ಕಾಯಿಲೆಯ ವಿಷಯದಲ್ಲಿ ಸಂಶಯದ ಲಾಭ ಸೈನಿಕನಿಗೆ ಸಿಗಬೇಕು ಎಂದು ಹೇಳಿದೆ. ಮಂಜೂರಾಗುವುದು ಸುಲಭವಲ್ಲ, ಓಡಾಟ ಬಹಳ. ಡಿಸ್ಚಾರ್ಜ್ ಬುಕ್, ಬ್ಲಾಸ್ಟ್ ಆದಾಗಿನ ಆಸ್ಪತ್ರೆ ಕಾಗದ, ಈಗಿನ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ಹಾಕಿ, ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಕಾಗದದಲ್ಲಿ ನೀವು ಒಂದೇ ಸಾಲಿನಲ್ಲಿ ಬರೆದು ದಾಟಿದ ಸಂಗತಿ ನನ್ನನ್ನು ತುಂಬ ಹೊತ್ತು ಹಿಡಿದಿಟ್ಟಿತು, ಅವತ್ತು ಸೀಟು ಬದಲಾಯಿಸಿಕೊಂಡದ್ದು. ಇವರನ್ನು ಸದ್ದಿಗಿಂತ ಹೆಚ್ಚಾಗಿ ಕೊಲ್ಲುತ್ತಿರುವುದು ಬಹುಶಃ ಅದು. ‘ನಾನಿರಬೇಕಿದ್ದ ಜಾಗದಲ್ಲಿ ಅವನು ಹೋದ.’ ಹಾಗೆ ನೋಡಿದರೆ ಅವರು ನಗದಿರುವುದು, ನೆಂಟರನ್ನು ಸೇರದಿರುವುದು ಒಂದು ಥರ ಬಾಕಿ ತೀರಿಸುವುದು. ಇದಕ್ಕೆ ‘ಬಿಡಿ, ನಿಮ್ಮ ತಪ್ಪೇನಿದೆ’ ಎಂಬ ಉತ್ತರ ಬೇಗ ಕೊಟ್ಟರೆ ಬಾಯಿ ಮುಚ್ಚಿಸಿದಂತಾಗುತ್ತದೆ. ಏನಾಯಿತು ಹೇಳಿ ಎಂದು ಕೆದಕಬೇಡಿ. ತಾವಾಗಿ ಹೇಳಿದ ದಿನ ಕೆಲಸ ಬಿಟ್ಟು ಕೂತು ಕೇಳಿ, ಸತ್ತವರ ಹೆಸರೇನು, ಯಾವ ಊರು, ಮಕ್ಕಳೆಷ್ಟು ಎಂದು ಕೇಳಿ. ಅವರು ಸತ್ತ ಬಗೆಗಿಂತ ಬದುಕಿದ್ದ ಬಗೆ ಮಾತಿಗೆ ಬರಲಿ. ಚಿಕಿತ್ಸೆಯಲ್ಲಿ ಮನಶ್ಶಾಸ್ತ್ರಜ್ಞರು ಒಂದು ಹಂತದಲ್ಲಿ ಕೇಳುತ್ತಾರೆ: ಸೀಟು ಬದಲಾಯಿಸುವಾಗ ನಿಮಗೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ? ಇಷ್ಟು ಸಣ್ಣ ಪ್ರಶ್ನೆಗೆ ಉತ್ತರ ಹೇಳಲು ಕೆಲವರಿಗೆ ತಿಂಗಳು ಹಿಡಿಯುತ್ತದೆ. ನನಗೆ ಗೊತ್ತಿರುವ ಒಬ್ಬ ಮಾಜಿ ಸೈನಿಕರು ಈಗ ವರ್ಷಕ್ಕೊಮ್ಮೆ ಜೊತೆಗಾರನ ಊರಿಗೆ ಹೋಗಿ ಆತನ ತಾಯಿಯ ಜೊತೆ ಒಂದು ದಿನ ಇದ್ದು ಬರುತ್ತಾರೆ. ಮೊದಲ ಸಲ ಬಸ್‌ಸ್ಟ್ಯಾಂಡಿನಿಂದಲೇ ವಾಪಸ್ ಬಂದಿದ್ದರು.

ದಿನಚರಿಗೆ ನಿಮ್ಮ ಮನೆಯಲ್ಲಿ ಹಸು ಇದ್ದರೆ ಒಳ್ಳೆಯದು. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುವ ಕೆಲಸ ಪೂರ್ತಿ ಅವರಿಗೆ ಬಿಟ್ಟುಕೊಡಿ. ಹಸು ಕಾಯುವುದಿಲ್ಲ, ಡೈರಿಯೂ ಕಾಯುವುದಿಲ್ಲ. ಹೊತ್ತಿಗೆ ಸರಿಯಾಗಿ ಏಳಬೇಕು, ನಾಲ್ಕು ಜನರ ಮುಖ ನೋಡಬೇಕು, ಆದರೆ ಯಾರ ಜೊತೆಯೂ ಹೆಚ್ಚು ಮಾತಾಡಬೇಕಿಲ್ಲ. ಈ ಹಂತ ದಾಟುವವರಿಗೆ ಇದು ಸರಿಯಾದ ಅಳತೆ. ರಾತ್ರಿ ಸೆಕ್ಯೂರಿಟಿ ಡ್ಯೂಟಿ ಈಗಲೇ ಬೇಡ, ಮತ್ತೆ ಕತ್ತಲಲ್ಲಿ ಕಾವಲು ಕೂರಿಸಿದಂತಾಗುತ್ತದೆ.

ಕೊನೆಗೆ ಕುಕ್ಕರ್. ವೈದ್ಯರನ್ನು ಕಂಡು, ಅವರು ಆಗಲಿ ಎಂದ ಮೇಲೆ ಅಟ್ಟದಿಂದ ಇಳಿಸಿ. ಮೊದಲ ವಾರ ಬರೀ ಅಡುಗೆಮನೆಯ ಕಟ್ಟೆ ಮೇಲೆ ಇರಲಿ. ಆಮೇಲೆ ಒಂದು ದಿನ, ಹಗಲು ಹೊತ್ತು, ಕುಡಿಯದೆ ಇರುವಾಗ, ಅವರು ಅಂಗಳದಲ್ಲಿ ಕೂತಿದ್ದಾಗ, ಮೊದಲೇ ಹೇಳಿ ಒಂದು ಕೂಗು ಕೂಗಿಸಿ. ಎದೆ ಹೊಡೆದುಕೊಳ್ಳುತ್ತದೆ, ಹೊಡೆದುಕೊಳ್ಳಲಿ. ಎದ್ದು ಹೋಗಬಾರದು, ತಾನಾಗಿ ಇಳಿಯುವ ತನಕ ಅಲ್ಲೇ ಕೂರಬೇಕು. ಅರ್ಧ ಗಂಟೆ ಹಿಡಿಯಬಹುದು. ದಿನಾ ಮಾಡಿದರೆ ಆ ಅರ್ಧ ಗಂಟೆ ಕಾಲು ಗಂಟೆಯಾಗುತ್ತದೆ. ನಂತರ ನಡುಮನೆಯಲ್ಲಿ ಕೂರಲಿ, ನಂತರ ಅಡುಗೆಮನೆ ಬಾಗಿಲಲ್ಲಿ. ಕೊನೆಯ ಹಂತದಲ್ಲಿ ವೆಯ್ಟ್ ಹಾಕುವವರೂ, ಒಲೆ ಹಚ್ಚುವವರೂ, ಕೂಗು ಎಣಿಸುವವರೂ ಅವರೇ. ಹೀಗೆ ಮಾಡಬಹುದಾದದ್ದು ಕುಕ್ಕರ್, ಟಿವಿ, ಬಾಗಿಲಿನಂಥ ಮನೆಯ ಸದ್ದುಗಳಿಗೆ ಮಾತ್ರ. ಬ್ಲಾಸ್ಟಿನ ನೆನಪನ್ನು ನೀವು ಮುಟ್ಟಬೇಡಿ, ಅದು ಚಿಕಿತ್ಸಕರ ಕೆಲಸ.

ಅನ್ನಕ್ಕೆ ಮೂರು ಕೂಗು ಸಾಕು, ಅಷ್ಟರಲ್ಲಿ ಅಭ್ಯಾಸವಾಗುವುದಿಲ್ಲ. ಹುರುಳಿಕಾಳು ಇಡಿ. ನೆನೆಸದೆ ಇಟ್ಟರೆ ಏಳೆಂಟು ಕೂಗಾದರೂ ಬೇಕು, ಸಾರೂ ಆಗುತ್ತದೆ.